ಹೆಸರು ಹಾಕುವ ಕಲ್ಲಣ್ಣ

ಸೊಲ್ಲಾಪುರದ ಬಾಂಡೆ ಅಂಗಡಿಗಳ ಓಣಿಗೆ ಬಂದು ಸಾತಲಿಂಗಪ್ಪ ಸಾವಕಾರರ ಅಂಗಡಿ ಯಾವುದೆಂದು ಕೇಳಿದರೆ, "ಕಟ್ಟಿ ಮ್ಯಾಲೆ ಕಲ್ಲಣ್ಣ ಕುಂತಿರತಾನಲ್ಲ, ಅದಽ" ಎಂದು ಜನ ಕೈ ತೋರಿಸುತ್ತಿದ್ದರು. ಸಾವಕಾರರಿಗೆ ಇದು ಒಳಗೊಳಗೇ ಚುಚ್ಚುತ್ತಿತ್ತು. ಅಂಗಡಿ ತಮ್ಮದು, ಹಂಡೆ ಕೊಡ ತಮ್ಮವು, ಗುರುತು ಮಾತ್ರ ಗೋಣಿತಟ್ಟು ಹಾಸಿಕೊಂಡು ಕೂತವನದು! ಆದರೂ ಅವರು ಅದನ್ನು ಆಡಿ ತೋರಿಸಿದವರಲ್ಲ.

ಕಲ್ಲಣ್ಣನ ಕೆಲಸ ಪಾತ್ರೆಗಳ ಮೇಲೆ ಹೆಸರು ಹಾಕುವುದು. ಕೈಯಲ್ಲಿ ಬೆರಳುದ್ದದ ಉಳಿ, ಪುಟ್ಟ ಸುತ್ತಿಗೆ. ಟಿಕ್ ಟಿಕ್ ಎಂದು ಚುಕ್ಕಿ ಹೊಡೆಯುತ್ತ ಹೋದರೆ ಹಂಡೆಯ ಕೊರಳಿಗೆ ಅಕ್ಷರ ಏಳುತ್ತಿದ್ದವು. ಮರಾಠಿ ಬೇಕೆಂದವರಿಗೆ ಮರಾಠಿ, ಕನ್ನಡ ಬೇಕೆಂದವರಿಗೆ ಕನ್ನಡ. ಮದುವೆಯಲ್ಲಿ ಕೊಡುವ ಪಾತ್ರೆಯ ಮೇಲೆ ಕೊಟ್ಟವರ ಹೆಸರಿಲ್ಲದಿದ್ದರೆ ಕೊಟ್ಟರೂ ಕೊಟ್ಟಂತಲ್ಲ ಎನ್ನುವ ಸೀಮೆ ಇದು. ಹಾಗಾಗಿ ಲಗ್ನದ ದಿನಗಳಲ್ಲಿ ಅವನಿಗೆ ತಲೆ ಎತ್ತಲು ಪುರುಸೊತ್ತಿರುತ್ತಿರಲಿಲ್ಲ. ಅವನು ಆ ಕಟ್ಟೆಯ ಮೇಲೆ ನಲವತ್ತು ವರ್ಷ ಕೂತ. ಅದರಲ್ಲಿ ಕೊನೆಯ ಐದು ವರ್ಷ ಕೂತದ್ದು ಹೇಗೆ ಎನ್ನುವುದೇ ಇಲ್ಲಿ ಹೇಳಬೇಕಾದ ಮಾತು.

ಆ ಜಾಗ ಅವನಿಗೆ ತಂದೆಯಿಂದ ಬಂದದ್ದು. ತಂದೆ ಅಮೋಗಸಿದ್ಧ ಅಕ್ಕಲಕೋಟ ಕಡೆಯವನು, ಕುರಿ ಕಾಯುತ್ತಿದ್ದವನು. ಒಂದು ವರ್ಷ ಬೇನೆ ಬಿದ್ದು ಹಿಂಡಿಗೆ ಹಿಂಡೇ ಹೋಯಿತು. ಬರಿಗೈಯಲ್ಲಿ ಸೊಲ್ಲಾಪುರಕ್ಕೆ ಬಂದವನ ಕೈ ನಡುಗದಿರುವುದನ್ನು ನೋಡಿ ಸಾತಲಿಂಗಪ್ಪನವರ ತಂದೆ, ಅಂದಿನ ದೊಡ್ಡ ಸಾವಕಾರರು, ಕಟ್ಟೆಯ ಮೇಲೆ ಕೂಡಿಸಿದರು. ಅಮೋಗಸಿದ್ಧನಿಗೆ ಒಂದಕ್ಷರ ಬರುತ್ತಿರಲಿಲ್ಲ. ಚೀಟಿಯಲ್ಲಿದ್ದ ಅಕ್ಷರವನ್ನು ರಂಗೋಲಿ ನೋಡಿ ರಂಗೋಲಿ ಹಾಕಿದ ಹಾಗೆ ನೋಡಿ ಹೊಡೆಯುತ್ತಿದ್ದ. ಇಷ್ಟು ದಿನ ಎಡವಟ್ಟಾಗಲಿಲ್ಲವಲ್ಲ, ಅದೇ ಆಶ್ಚರ್ಯ.

ಆಗುವುದು ಒಂದು ದಿನ ಆಗಿಯೇ ಬಿಟ್ಟಿತು. ಕುಂಭಾರಿಯಿಂದ ಮಗಳ ಲಗ್ನಕ್ಕೆಂದು, ಅವಳದೇ ಹೆಸರು ಹಾಕಿಸಿ ಹಿತ್ತಾಳೆ ಕೊಡ ಕೊಳ್ಳಲು ಬಂದ ಒಂದು ಮನೆತನದವರು ಚೀಟಿಯನ್ನು ತಲೆಕೆಳಗಾಗಿ ಹಿಡಿದರು. ಅವರಿಗೂ ಓದು ಬಾರದು, ಇವನಿಗೂ ಬಾರದು. ಇದ್ದದ್ದನ್ನು ಇದ್ದ ಹಾಗೆ, ಚೆಂದವಾಗಿ, ತಲೆಕೆಳಗಾಗಿ ಹೊಡೆದುಕೊಟ್ಟ. ಲಗ್ನದ ಮನೆಯಲ್ಲಿ ಓದು ಬಲ್ಲವನೊಬ್ಬ ಕೊಡವನ್ನು ಬೋರಲು ಮಾಡಿ ಓದಿದಾಗ ಹಂದರವೆಲ್ಲ ಬಿದ್ದು ಬಿದ್ದು ನಕ್ಕಿತಂತೆ. ಸುದ್ದಿ ಓಣಿಗೆ ಬಂತು. ದೊಡ್ಡ ಸಾವಕಾರರು ಕರೆದು ಬೈದರೆ ಅಮೋಗಸಿದ್ಧನಿಗೆ ತನ್ನ ತಪ್ಪೇನೆಂದೇ ತಿಳಿಯಲಿಲ್ಲ.

"ಕುರಿ ಎಡಕ್ಕ ಮಾರಿ ಮಾಡಿ ನಿಂತ್ರೂ ಅದಽ ಕುರಿ, ಬಲಕ್ಕ ನಿಂತ್ರೂ ಅದಽ ಕುರಿ. ಕಾಲು ಮ್ಯಾಲೆ ಮಾಡಿ ಬಿದ್ರೂ ಅದು ಕುರಿನಽ ಅಲ್ಲೇನ್ರಿ ಸಾವಕಾರ್ರ?" ಎಂದು ಅವನು ಕೇಳಿದ. ಸಾವಕಾರರು ಕೊಡ ಬದಲಿಸಿ ಕೊಡುತ್ತೇವೆಂದು ಕುಂಭಾರಿಗೆ ಹೇಳಿ ಕಳಿಸಿದರು. ಆ ಮನೆಯವರು ಯಾಕೋ ಬರಲೇ ಇಲ್ಲ.

ಅಂದಿನಿಂದ ಅಂಗಡಿಯಲ್ಲಿ ಒಂದು ಕಟ್ಟಳೆಯಾಯಿತು. ಹೆಸರು ಹಾಕಿದವನೇ ಹತ್ತು ಜನ ಕೇಳುವಂತೆ ಅದನ್ನು ಓದಿ ಹೇಳಬೇಕು, ಕೊಂಡವರು ಹೌದೆನ್ನಬೇಕು, ಆಮೇಲೆಯೇ ಪಾತ್ರೆ ಕಟ್ಟೆ ಇಳಿಯಬೇಕು. ಅಮೋಗಸಿದ್ಧ ಎಂಟು ವರ್ಷದ ಕಲ್ಲಣ್ಣನನ್ನು ಸಾಲೆಗೆ ಹಾಕಿದ. ಮರಾಠಿ ಸಾಲೆಯಲ್ಲಿ ಬಂತು, ಕನ್ನಡವನ್ನು ಮಠದ ಅಯ್ಯನೊಬ್ಬ ಕಲಿಸಿದ. ಹುಡುಗ ಓದು ಕಲಿತು ತಂದೆಯ ಪಕ್ಕ ಕೂತ. ತಂದೆ ಹೊಡೆಯುವುದು, ಮಗ ಓದುವುದು. ಮಗ ಓದುವಾಗ ಅಮೋಗಸಿದ್ಧ ಸುತ್ತಿಗೆ ಕೆಳಗಿಟ್ಟು, ತನ್ನ ಕೈಯಿಂದ ಬಂದದ್ದು ಏನೆಂದು ತಾನೂ ಕಿವಿಗೊಟ್ಟು ಕೇಳುತ್ತಿದ್ದ. ತಂದೆ ತೀರಿಕೊಂಡ ಮೇಲೆ ಎರಡೂ ಕೆಲಸ ಕಲ್ಲಣ್ಣನದೇ ಆದವು. ಅವನಿಗಿದ್ದ ಹೆಮ್ಮೆ ಒಂದೇ: ನಮ್ಮ ಮನೆತನದಲ್ಲಿ ಓದಿದವನು ನಾನೇ ಮೊದಲು.

ಹೀಗಿದ್ದವನಿಗೆ, ಹತ್ತೊಂಬತ್ತುನೂರಾ ಐವತ್ತನಾಲ್ಕನೆಯ ಇಸವಿಯ ಮಾಘ ಮಾಸದಲ್ಲಿ, ವಯಸ್ಸು ಐವತ್ತು ದಾಟಿದಾಗ, ಒಂದು ಸಂಜೆ ತಲೆಯ ಹಿಂಭಾಗ ಸಿಡಿದು ವಾಂತಿಯಾಯಿತು. ಪಿತ್ತವೆಂದುಕೊಂಡು ಮಲಗಿದ. ಬೆಳಗ್ಗೆ ಎದ್ದಾಗ ಹಗುರಾಗಿತ್ತು. ಮನೆಯಿಂದ ಹೊರಬೀಳುವಾಗ ಬಲಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು. ಅದನ್ನು ಉಜ್ಜಿಕೊಳ್ಳುತ್ತ ಓಣಿಗೆ ಬಂದು ಅಂಗಡಿಯ ಬೋರ್ಡು ನೋಡಿ ನಿಂತುಬಿಟ್ಟ. ಅಕ್ಷರಗಳೇನೋ ಅಕ್ಷರಗಳೇ, ಆದರೆ ತನಗೆ ಬರುವ ಅಕ್ಷರಗಳಲ್ಲ. ಸೊಲ್ಲಾಪುರದಲ್ಲಿ ತೆಲುಗು ಬೋರ್ಡುಗಳಿಗೇನು ಬರಗಾಲವೇ? ನೇಕಾರರ ಪೇಟೆಯಲ್ಲಿ ಬೇಕಾದಷ್ಟಿವೆ. ಎಲಾ, ಸಾವಕಾರರು ರಾತ್ರೋರಾತ್ರಿ ಅಂಗಡಿಯನ್ನು ತೆಲುಗರಿಗೆ ಮಾರಿಬಿಟ್ಟರೇ ಎಂದುಕೊಂಡ. ಪಕ್ಕದ ಅಂಗಡಿ ನೋಡಿದರೆ ಅದೂ ಹಾಗೇ. ಎದುರಿನದೂ ಹಾಗೇ. ಓಣಿಗೆ ಓಣಿಯೇ ಮಾರಾಟವಾಗುವುದುಂಟೇ?

ಒಳಗೆ ಸಾತಲಿಂಗಪ್ಪನವರು ಎಂದಿನಂತೆ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದರು.

"ಬೋರ್ಡ ಯಾವಾಗ ಬದ್ಲಿ ಮಾಡಿಸಿದ್ರಿ ಸಾವಕಾರ್ರ?"

"ಯಾವ ಬೋರ್ಡೋ? ನಮ್ಮಪ್ಪ ಬರೆಸಿದ್ದು ಅದಽ ಅದ. ಹೊತ್ತು ಹುಟ್ಟೂದ್ರಾಗ ಚ್ಯಾಷ್ಟಿ ಮಾಡಾಕತ್ತಿಯೇನು?" ಎಂದು ಸಾವಕಾರರು ನಕ್ಕರು.

ಕಲ್ಲಣ್ಣ ನಗಲಿಲ್ಲ. ಸ್ವಲ್ಪ ಹೊತ್ತಿಗೆ ಗಿರಾಕಿಯೊಬ್ಬ ತಂಬಿಗೆ ಮತ್ತು ಚೀಟಿ ತಂದು ಮುಂದಿಟ್ಟ. ಚೀಟಿಯಲ್ಲಿ ಇರುವೆ ಹರಿದಂತೆ ಏನೋ ಇತ್ತು. ಕಲ್ಲಣ್ಣ ಹೆದರಿದ. ಹೆದರಿದರೂ ಬುದ್ಧಿ ಓಡಿತು.

"ಚೀಟಿ ಯಾಕ್ರಿ, ಬಾಯಿಲೆ ಹೇಳ್ರಿ. ಕಿವಿಲೆ ಕೇಳಿದ್ರ ಕೈ ಚೆಂದ ಓಡತದ."

ಗಿರಾಕಿ ಹೇಳಿದ. ಕಲ್ಲಣ್ಣನ ಕೈ ಓಡಿತು, ಎಂದಿನ ಹಾಗೆಯೇ, ಒಂದು ಚುಕ್ಕಿ ಆಚೀಚೆ ಆಗದಂತೆ. ಮುಗಿಸಿ ತಂಬಿಗೆ ತಿರುಗಿಸಿ ನೋಡಿದ. ತಾನೇ ಈಗಷ್ಟೇ ಬರೆದದ್ದು. ಏನು ಬರೆದಿದೆಯೋ ತಿಳಿಯಲಿಲ್ಲ! ಕೇಳಿದ ಹೆಸರನ್ನೇ ನೆನಪಿನಿಂದ ಜೋರಾಗಿ ಹೇಳಿದ. ಗಿರಾಕಿ ಹೌದೆಂದು ತಂಬಿಗೆ ಒಯ್ದ.

ಹಾಗೆ ದಿನ ಸಾಗಿತು. ಗಿರಾಕಿಗಳ ಮುಖವೆಲ್ಲ ಗುರುತು ಸಿಗುತ್ತಿತ್ತು. ಮಾತು ತೊದಲುತ್ತಿರಲಿಲ್ಲ. ಬಲಗಡೆಯದು ಮಾತ್ರ ಕಾಣುತ್ತಿರಲಿಲ್ಲ. ಬಲಕ್ಕಿಟ್ಟ ನೀರಿನ ಚರಿಗೆಯನ್ನು ಒದೆಯುತ್ತಿದ್ದ, ಬಲಕ್ಕೆ ಬಂದು ನಿಂತವರು ಕೆಮ್ಮಿದರೆ ಬೆಚ್ಚುತ್ತಿದ್ದ. ಹೆಂಡತಿ ನೀಲಗಂಗಾ ನಾಲ್ಕು ದಿನ ನೋಡಿದಳು. ಐದನೆಯ ದಿನ, "ಕಣ್ಣಾಗ ಏನೋ ಬಂದದ, ಏಳ್ರಿ" ಎಂದು ಎಬ್ಬಿಸಿಕೊಂಡು ದೊಡ್ಡ ದವಾಖಾನೆಗೆ ಒಯ್ದಳು. ನೀಲಗಂಗಾಳ ಜೊತೆ ವಾದ ಮಾಡಿ ಗೆದ್ದವರನ್ನು ಅವರಿದ್ದ ಸಾಲುಮನೆಗಳ ಚಾಳಿನಲ್ಲಿ ಯಾರೂ ಕಂಡಿರಲಿಲ್ಲ.

ಅಲ್ಲೊಬ್ಬ ಮುದುಕ ಡಾಕ್ಟರು ಇದ್ದರು. ಕಣ್ಣಿಗೆ ದೀಪ ಹಿಡಿದು ನೋಡಿ, "ಡೋಳೆ ಠೀಕ ಆಹೇತ" ಎಂದರು. ಕಣ್ಣು ಸರಿ ಇವೆ ಎಂದಮೇಲೆ ಸುಮ್ಮನೆ ಕಳಿಸಬಹುದಾಗಿತ್ತು. ಕಳಿಸಲಿಲ್ಲ. ಕಾಗದ ಪೆನ್ಸಿಲು ಕೊಟ್ಟು ಹೆಸರು ಊರು ಬರೆಯಲು ಹೇಳಿದರು. ಕಲ್ಲಣ್ಣ ಮರಾಠಿಯಲ್ಲಿ ಒಂದು ಸಾಲು, ಕನ್ನಡದಲ್ಲಿ ಒಂದು ಸಾಲು ಮುತ್ತು ಪೋಣಿಸಿದಂತೆ ಬರೆದ. ಡಾಕ್ಟರು ಕಾಗದ ಇಸಿದುಕೊಂಡು, ಊಟ ನಿದ್ದೆಯ ಮಾತು ಆಡಿ, ಮತ್ತೆ ಅದನ್ನೇ ಅವನ ಕೈಗೆ ಕೊಟ್ಟು ಓದು ಎಂದರು.

ಕಲ್ಲಣ್ಣ ತಿರುಗಾ ಮುರುಗಾ ನೋಡಿದ.

"ಇದು ಬರದಾಂವ ಯಾರು?"

"ಯಾರೋ ಚಲೋ ಅಕ್ಷರದವರು ಬರದಾರ್ರಿ ಸಾಹೇಬ್ರ."

ನೀಲಗಂಗಾ ಮೊದಲು ಕಿಸಕ್ಕೆಂದು ನಕ್ಕಳು. ಗಂಡನ ಮುಖ ನೋಡಿದ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು ತಿಳಿಸಿ ಹೇಳಿದರು. "ಮಿದುಳಿನ ಹಿಂದಗಡೆ, ಎಡಕ್ಕ, ಒಂದು ಸಣ್ಣ ರಕ್ತನಾಳ ಮುಚ್ಚೇದ. ಬಲಗಡೆದ್ದು ಕಾಣದಿರೂದು ಅದಕ್ಕಽ. ಅಕ್ಷರ ಕೂಡಿಟ್ಟ ಕೋಣಿ ಬ್ಯಾರೆ ಅದ, ಅದಕ್ಕೇನೂ ಆಗಿಲ್ಲ. ಆಗಿದ್ರ ನೀ ಬರೀತಿದ್ದಿಲ್ಲ. ಕಣ್ಣು ಕಂಡದ್ದನ್ನ ಆ ಕೋಣಿಗೆ ಮುಟ್ಟಸೋ ದಾರಿ ಕಡದದ, ಅಷ್ಟಽ. ಈಗ ನೋಡು, ಕುಂಭಾರಿ ಹತ್ರ ರಸ್ತಾ ಕಡೀತು ಅಂತ ತಿಳಿ. ಬಸ್ಸು ಅಕ್ಕಲಕೋಟಕ್ಕ ಹೋಗಂಗಿಲ್ಲ. ಹಂಗಂತ ಅಕ್ಕಲಕೋಟ ಎಲ್ಲ್ಯರ ಹೋತೇನು? ಊರು ಇದ್ದಲ್ಲೇ ಅದ."

"ರಸ್ತಾ ಕಡದ್ರ ರೈಲು ಅದ ಅಲ್ರಿ," ಎಂದ ಕಲ್ಲಣ್ಣ. "ಸ್ಟೇಶನ್ನಿನಾಗ ಇಳದು ಟಾಂಗಾದಾಗ ಹೋಗತಾರ. ನನಗ ಅಂಥಾದ್ದೇನರ ಅದ ಏನ್ರಿ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಇರಬೇಕು. ಕೆಲವರಿಗೆ ಸಿಗತದ. ಎಲ್ಲಿ ಅಂತ ನನಗ ಗೊತ್ತಿಲ್ಲಪಾ. ಈ ದಾರಿ ಅಂತೂ ರಿಪೇರಿ ಆಗಂಗಿಲ್ಲ."

ದಾರಿಯಲ್ಲಿ ಕಲ್ಲಣ್ಣ ಹೆಂಡತಿಗೆ ಹೇಳಿದ್ದು ಒಂದೇ ಮಾತು: ಯಾರ ಮುಂದೂ ಬಾಯಿ ಬಿಡಬೇಡ. ಓದಿ ಹೇಳಲು ಬಾರದವನಿಗೆ ಆ ಕಟ್ಟೆಯ ಮೇಲೆ ಜಾಗವಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ತನ್ನ ಅಪ್ಪನಿಂದಲೇ ಹುಟ್ಟಿದ ಕಟ್ಟಳೆಯಲ್ಲವೇ ಅದು!

ಗುಟ್ಟು ಫಾಲ್ಗುಣದವರೆಗೆ ನಿಂತಿತು. ವಳಸಂಗದ ಧೂಳಪ್ಪ ಕುರಿ ಹೊಲ ಎರಡೂ ಇದ್ದ ಮನುಷ್ಯ, ಮೈಲಾರನ ಭಕ್ತ. ಅವನ ಮಗಳ ಲಗ್ನಕ್ಕೆ ಸೋದರತ್ತೆಯರಿಬ್ಬರು ಒಂದೊಂದು ತಾಮ್ರದ ಹಂಡೆ ಕೊಡುವುದೆಂದು ಅಂಗಡಿಗೆ ಬಂದರು. ಹಿರಿಯಳು ಗಂಗುಬಾಯಿ, ಕಿರಿಯಳು ಸುಗಲಾಬಾಯಿ. ಇಬ್ಬರ ನಡುವೆ ಮೊದಲಿನಿಂದಲೂ ಎಣ್ಣೆ ಸೀಗೇಕಾಯಿ. ಕಲ್ಲಣ್ಣ ಹೆಸರು ಕೇಳಿಕೊಂಡು, ಗಂಗುಬಾಯಿ ಎಂದು ಒಂದು ಹಂಡೆಗೆ ಹೊಡೆದು ಬದಿಗಿಟ್ಟ. ಅಷ್ಟರಲ್ಲಿ ಬುತ್ತಿ ಬಂತು. ರೊಟ್ಟಿ ತಿಂದು ಕೈ ತೊಳೆದು ಬಂದು ಎರಡನೆಯದನ್ನು ತೊಡೆಯ ಮೇಲೆಳೆದುಕೊಂಡ. ಈಗ ಯಾರ ಹೆಸರು? ಬೇರೆ ದಿನಗಳಾಗಿದ್ದರೆ ಹೊಡೆದಿಟ್ಟ ಹಂಡೆಯತ್ತ ಒಮ್ಮೆ ಕಣ್ಣು ಹಾಯಿಸಿದ್ದರೆ ತಿಳಿಯುತ್ತಿತ್ತು. ಕಣ್ಣು ಹಾಯಿಸಿದ, ತಿಳಿಯಲಿಲ್ಲ. ಮೊದಲು ಹೊಡೆದದ್ದು ಸುಗಲಾಬಾಯಿಯದೆಂದುಕೊಂಡು ಇದಕ್ಕೂ ಗಂಗುಬಾಯಿ ಎಂದೇ ಹೊಡೆದ. ಆಮೇಲೆ ಎರಡನ್ನೂ ಮುಂದಿಟ್ಟು, "ಇದು ಗಂಗುಬಾಯಿ, ಇದು ಸುಗಲಾಬಾಯಿ" ಎಂದು ಗಟ್ಟಿಯಾಗಿ ಓದಿ ಹೇಳಿದ. ಓದು ಬಾರದ ಅವರಿಬ್ಬರೂ ತಲೆಯಾಡಿಸಿದರು.

ವಳಸಂಗದ ಹಂದರದಲ್ಲಿ ಸಾಲೆಯ ಮಲ್ಲಯ್ಯ ಮಾಸ್ತರರು ಬಂದ ಉಡುಗೊರೆಯನ್ನೆಲ್ಲ ಹೆಸರು ಹಿಡಿದು ಸಾರಿದರು. ಹಂಡೆ, ಗಂಗುಬಾಯಿಯವರಿಂದ. ಇನ್ನೊಂದು ಹಂಡೆ, ಅದೂ ಗಂಗುಬಾಯಿಯವರಿಂದ. ಸುಗಲಾಬಾಯಿ ಏನು ಕೊಟ್ಟಳು? ಏನೂ ಇಲ್ಲ! ನೆಂಟರೆಲ್ಲ ಅವಳ ಮುಖ ನೋಡಿದರು. ತಾಳಿ ಕಟ್ಟುವ ಹೊತ್ತಿಗೆ ಅಕ್ಕತಂಗಿಯರ ಬಾಯಿ ಓಲಗಕ್ಕಿಂತ ಜೋರಾಗಿತ್ತು.

ಮೂರನೆಯ ದಿನ ಸುಗಲಾಬಾಯಿ ಹಂಡೆ ಹೊತ್ತು, ಅಣ್ಣ ಧೂಳಪ್ಪನನ್ನೂ ಮಲ್ಲಯ್ಯ ಮಾಸ್ತರರನ್ನೂ ಕರೆದುಕೊಂಡು ಅಂಗಡಿಗೆ ಬಂದಳು. "ನಮ್ಮಕ್ಕನ ಕಡಿಂದ ಏನು ತಿಂದು ಹಿಂಗ ಮಾಡಿದಿ ಹೇಳು!" ಎಂದು ಕಟ್ಟೆಯ ಮುಂದೆ ನಿಂತು ಕೂಗಿದಳು. ಓಣಿಯ ಜನ ಸೇರಿತು. ಸಾತಲಿಂಗಪ್ಪನವರು ಹೊರಗೆ ಬಂದು, "ಸುಮ್ ಇರವ್ವಾ. ಕಲ್ಲಣ್ಣಾ, ಏನದ ಓದು" ಎಂದರು.

ಕಲ್ಲಣ್ಣ ಹಂಡೆ ನೋಡಿದ. "ಸುಗಲಾಬಾಯಿ ಅಂತ ಅದರಿ," ಎಂದ.

"ಗಂಗುಬಾಯಿ ಅಂತ ಐತಲ್ರಿ!" ಎಂದರು ಮಾಸ್ತರರು.

ಸಾವಕಾರರು ಕನ್ನಡಕ ಏರಿಸಿ ನೋಡಿ, ಬೇರೆ ಹಂಡೆ ತೆಗೆಸಿ ಅವನ ಮುಂದಿಟ್ಟರು. ಕಲ್ಲಣ್ಣ ಎಲ್ಲರೆದುರು ಸುಗಲಾಬಾಯಿ ಎಂದು ಹೊಡೆದ. ಮಾಸ್ತರರು ಪರೀಕ್ಷಿಸಿ ಸರಿ ಇದೆ ಎಂದರು. ಜನಕ್ಕೆ ಇದು ಇನ್ನಷ್ಟು ಗೊಂದಲವಾಯಿತು. ಬರೆಯಲು ಬರುವವನು ಓದುವುದರಲ್ಲಿ ತಪ್ಪುತ್ತಾನೆಂದರೆ ಬೇಕೆಂದೇ ಮಾಡಿದ್ದಲ್ಲವೇ ಎಂದು ಆಡಿಕೊಳ್ಳುತ್ತ ಹೋದರು.

ಸಂಜೆ ಸಾವಕಾರರು ಒಳಗೆ ಕರೆದು ಕೇಳಿದಾಗ ಕಲ್ಲಣ್ಣ ಎಲ್ಲ ಹೇಳಿದ. ಸಾವಕಾರರು "ನಿಮ್ಮಪ್ಪನೂ ಹಿಂಗಽ ಇದ್ದ. ಬರೀತಿದ್ದ, ಓದತಿದ್ದಿಲ್ಲ" ಎಂದರು. ಅವರು ಅದನ್ನು ಸಮಾಧಾನಕ್ಕೇ ಹೇಳಿದ್ದು. ಆದರೆ ಕಲ್ಲಣ್ಣನಿಗೆ ಆ ಮಾತು ಎದೆಗೆ ನಟ್ಟಿತು. ಇಡೀ ಆಯುಷ್ಯ ಸವೆಸಿ ಬಂದ ದಾರಿಯಲ್ಲಿ ಒಂದೇ ರಾತ್ರಿಗೆ ವಾಪಸು ಹೋಗಿ ಅಪ್ಪನ ಗೋಣಿತಟ್ಟಿನ ಮೇಲೆ ಕೂತಂತಾಯಿತು. ಐವತ್ತರ ಮನುಷ್ಯ ಹಂಡೆಗಳ ನಡುವೆ ನಿಂತು ಅತ್ತ.

"ಅಳಬ್ಯಾಡೋ ಮಾರಾಯಾ. ಪಾಡವಾತನಕ ಕೂಡು. ಪಾಡವಾ ದಿನ ಹಬ್ಬದ ಗಿರಾಕಿ ಮುಂದ ಓದಿ ಹೇಳಿದ್ರ ಜಾಗಾ ನಿಂದು. ಆಗಲಿಲ್ಲ ಅಂದ್ರ ಆಚಿ ಓಣ್ಯಾಗ ಹೆಸರು ಹಾಕೋ ಹಣಮಂತಪ್ಪ ಬಂದು ಕೂಡತಾನ. ನಮ್ಮಪ್ಪ ಮಾಡಿದ ಕಟ್ಟಳಿ, ನಾ ಮುರಿಯಾಂವಲ್ಲ," ಎಂದರು ಸಾವಕಾರರು. ಪಾಡವಾ ಎಂದರೆ ಚೈತ್ರದ ಪಾಡ್ಯ, ಯುಗಾದಿ; ಹಬ್ಬಕ್ಕೆ ಹದಿನೆಂಟು ದಿನ ಇತ್ತು.

ಮೊದಲ ಐದು ದಿನ ಕಲ್ಲಣ್ಣ ಮಠದಯ್ಯನ ಹಳೆಯ ಅಂಕಲಿಪಿ ತೆಗೆದು ಅಕ್ಷರಗಳನ್ನು ದಿಟ್ಟಿಸಿದ. ಕಣ್ಣಲ್ಲಿ ನೀರು ಬಂತೇ ಹೊರತು ಅಕ್ಷರ ಬರಲಿಲ್ಲ. ಆರನೆಯ ದಿನ ಬೆಳಗ್ಗೆ ಬೇಸತ್ತು ಚಾಳಿನ ನಳದ ಕಟ್ಟೆಯ ಬಳಿ ಕೂತಿದ್ದ. ಹೆಂಗಸರ ಕೊಡಗಳು ಸಾಲಾಗಿದ್ದವು, ಹತ್ತು ಹನ್ನೆರಡು, ಎಲ್ಲ ಒಂದೇ ಅಳತೆಯ ಹಿತ್ತಾಳೆ ಕೊಡಗಳು. ನೀಲಗಂಗಾ ಪಕ್ಕದ ಮನೆಯ ಚಂದ್ರಭಾಗಾಳ ಜೊತೆ ಸರದಿಗಾಗಿ ಜಗಳಕ್ಕೆ ಬಿದ್ದಿದ್ದಳು. ಮುಖ ಅತ್ತ, ಬಾಯಿ ಅತ್ತ. ಕೈ ಮಾತ್ರ ಹಿಂದೆ ಚಾಚಿ ಕೊಡಗಳ ಕೊರಳ ಮೇಲೆ ಹರಿಯಿತು. ಒಂದನ್ನು ಬಿಟ್ಟಿತು, ಎರಡನ್ನು ಬಿಟ್ಟಿತು, ನಾಲ್ಕನೆಯದನ್ನು ಎತ್ತಿ ನಳದ ಕೆಳಗಿಟ್ಟಿತು. ಅವಳು ತಿರುಗಿ ನೋಡಲೇ ಇಲ್ಲ.

"ನಮ್ಮ ಕೊಡ ಅದಽ ಅಂತ ಹೆಂಗ ಗೊತ್ತಾತು?" ಎಂದು ಕೇಳಿದ ಕಲ್ಲಣ್ಣ.

"ಗೊತ್ತಾಗದ ಏನ್ರಿ? ನೀವು ಹಾಕಿದ ಹೆಸರು ಅದ ಅಲ್ಲ. ಮೂವತ್ತು ವರ್ಷ ಬೂದಿ ಹಚ್ಚಿ ತಿಕ್ಕೀನಿ. ಬೆರಳಿಗೆ ಗೊತ್ತದ."

"ಏನಂತ ಬರದದ?"

"ಓದಿದವರು ನೀವು. ನನ್ನನ್ಯಾಕ ಕೇಳತೀರಿ?" ಎಂದುಬಿಟ್ಟು, ಆಡಬಾರದ್ದನ್ನು ಆಡಿದೆನೆಂದು ನಾಲಿಗೆ ಕಚ್ಚಿಕೊಂಡಳು. ಆಮೇಲೆ ಅವನ ಬಳಿ ಕೂತು, ಅವನ ತೋರುಬೆರಳು ಹಿಡಿದು ಕೊಡದ ಕೊರಳ ಮೇಲಿಟ್ಟಳು. "ನೋಡ್ರಿ, ಹಿಂಗ ಬರತದ, ಇಲ್ಲಿ ಸುತ್ತು ಹಾಕತದ, ಹಿಂಗ ಮ್ಯಾಲೆ ಏರತದ..."

ಬೆರಳು ಚುಕ್ಕಿಯಿಂದ ಚುಕ್ಕಿಗೆ ಹೋಯಿತು. ಕಲ್ಲಣ್ಣ ಕಣ್ಣು ಮುಚ್ಚಿದ. ಕೈ ಆ ತಿರುವನ್ನು ಬಲ್ಲದು; ಸಾವಿರ ಸಲ ತಿರುಗಿದ ತಿರುವು. "ನೀ" ಎಂದ. ನೀಲಗಂಗಾ ಬೆರಳು ಬಿಡಲಿಲ್ಲ. "ಲ" ಎಂದ. ಗಂ ಬಂತು, ಗಾ ಬಂತು. ಒಂದು ಕಪ್ಪು ಚಹಾ ಕುಡಿಯುವಷ್ಟು ಹೊತ್ತು ಹಿಡಿಯಿತು. ನಳದಿಂದ ನೀರು ತುಂಬಿ ಹೊರಗೆ ಹರಿಯುತ್ತಿತ್ತು. ಚಂದ್ರಭಾಗಾ ಬೈಯುತ್ತಿದ್ದಳು. ಗಂಡ ಹೆಂಡತಿ ಇಬ್ಬರಿಗೂ ಅದು ಕೇಳಲಿಲ್ಲ.

"ರೈಲು ಸಿಕ್ತು," ಎಂದ ಕಲ್ಲಣ್ಣ. ಮೂವತ್ತು ವರ್ಷದಲ್ಲಿ ಅವನು ಆಕೆಯ ಕೈಯನ್ನು ಜನರೆದುರು ಹಿಡಿದದ್ದು ಅದೇ ಮೊದಲು.

ಉಳಿದ ದಿನಗಳಲ್ಲಿ ಚಾಳಿನ ಪಾತ್ರೆಯೊಂದೂ ಅವನ ಬೆರಳಿನಿಂದ ತಪ್ಪಿಸಿಕೊಳ್ಳಲಿಲ್ಲ. ಕಾಗದದ ಮೇಲಿನ ಅಕ್ಷರಕ್ಕೆ ಬೇರೆ ಉಪಾಯ ಮಾಡಿಕೊಂಡ. ಕಣ್ಣು ಗೆರೆಯನ್ನು ಹಿಂಬಾಲಿಸಬೇಕು, ಉಗುರು ತೊಡೆಯ ಮೇಲೆ ಅದನ್ನೇ ಗೀಚಬೇಕು, ಗೀಚಿದ್ದನ್ನು ಕೈ ಹೇಳಬೇಕು. ಬಲು ನಿಧಾನ. ಮಕ್ಕಳು ಒಂದನೇ ಇಯತ್ತೆಯಲ್ಲಿ ಇದಕ್ಕಿಂತ ಬೇಗ ಓದುತ್ತವೆ. ಕೆಲವೊಮ್ಮೆ ಮೂರಕ್ಷರದ ಹೊತ್ತಿಗೆ ಮೊದಲನೆಯದು ಮರೆತು ಮತ್ತೆ ಹಿಂದಕ್ಕೆ ಹೋಗುತ್ತಿದ್ದ. ಸಿಟ್ಟು ಬಂದು ತಂಬಿಗೆ ಎಸೆದದ್ದೂ ಉಂಟು. ನೀಲಗಂಗಾ ಎತ್ತಿ ತಂದು ಮತ್ತೆ ಮುಂದಿಡುತ್ತಿದ್ದಳು.

ಪಾಡ್ಯದ ದಿನ ಅಂಗಡಿಗೆ ಕಾಲಿಡಲು ಜಾಗವಿರಲಿಲ್ಲ. ಹೊಸ ಪಾತ್ರೆ ಮನೆಗೆ ಬರಬೇಕಾದ ದಿನ. ಹಣಮಂತಪ್ಪ ತೊಳೆದ ಧೋತರ ಉಟ್ಟು, ತನ್ನ ಉಳಿ ಸುತ್ತಿಗೆಗಳನ್ನು ಅರಿವೆಯಲ್ಲಿ ಸುತ್ತಿಕೊಂಡು ಬಂದು ಒಂದು ಬದಿಗೆ ನಿಂತಿದ್ದ. ಸಾವಕಾರರು ಇನ್ನೂ ಯಾವ ಪಾತ್ರೆ ಓದಿಸುವುದೆಂದು ನೋಡುತ್ತಿರುವಾಗ ಧೂಳಪ್ಪ ಬಂದ. ಜೊತೆಗೆ ಮಲ್ಲಯ್ಯ ಮಾಸ್ತರರು. ಧೂಳಪ್ಪನ ಕೈಯಲ್ಲಿ ಒಂದು ಹಳೆಯ ಹಿತ್ತಾಳೆ ಕೊಡ.

"ನಮ್ಮವ್ವ ತವರಿನಿಂದ ತಂದದ್ದು. ಆಕಿ ಹೋಗಿ ಎರಡು ವರ್ಷಾತು. ಮಗಳು ಗಂಡನ ಮನಿಗಿ ಹೊಂಟಾಳ, ಇದನ್ನ ತಗೊಂಡು ಹೊಸಾದು ಕೊಡ್ರಿ ಸಾವಕಾರ್ರ," ಎಂದ.

ಹಳೆಯ ಪಾತ್ರೆ ಮುರಿಯಲು ಹಾಕುವ ಮೊದಲೂ ಹೆಸರು ಓದಬೇಕೆಂದು ಅಂಗಡಿಯ ರೂಢಿ. ಕದ್ದ ಮಾಲು ಬಂದರೆ ಯಾರು ಹೊಣೆ? ಸಾವಕಾರರು ಕೊಡ ತಿರುಗಿಸಿ ನೋಡಿದರು. ತಿಕ್ಕಿ ತಿಕ್ಕಿ ಚುಕ್ಕಿ ನುಣುಪಾಗಿದ್ದವು. ಮಾಸ್ತರರು ಬಿಸಿಲಿಗೆ ಹಿಡಿದು ನೋಡಿ, "ಅಕ್ಷರನಽ ಅಲ್ಲಿವು, ಬಳ್ಳಿ ಗಿಳ್ಳಿ ಇರಬೇಕು" ಎಂದರು. ಹಣಮಂತಪ್ಪ ಕಾಡಿಗೆ ಸವರಿ ನೋಡಿದ, ಅವನಿಗೂ ಆಗಲಿಲ್ಲ. ಸಾವಕಾರರು ಕಲ್ಲಣ್ಣನತ್ತ ನೋಡಿದರು. ಅವರಿಗೇ ಪಾಪವೆನಿಸಿತೋ ಏನೋ, "ಬ್ಯಾರೆ ತಗಿಸ್ಲೇನು?" ಎಂದರು.

"ಇದಽ ಇರ್ಲಿ," ಎಂದ ಕಲ್ಲಣ್ಣ.

ಕೊಡ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಕೊರಳ ಮೇಲೆ ಬೆರಳಾಡಿಸಿದ. ಚುಕ್ಕಿಗಳು ಸಿಕ್ಕವು, ತಿರುವುಗಳು ಸಿಕ್ಕವು, ಅಕ್ಷರ ಸಿಗಲಿಲ್ಲ. ಮತ್ತೆ ಮೊದಲಿನಿಂದ ಹೋದ. ಕೈ ಎಲ್ಲೂ ಹೂಂ ಎನ್ನಲಿಲ್ಲ. ಜನ ಗುಸುಗುಸು ಎಂದರು. ಹಣಮಂತಪ್ಪ ತನ್ನ ಗಂಟು ಬಿಚ್ಚತೊಡಗಿದ. ಕಲ್ಲಣ್ಣ ಮೂರನೆಯ ಸಲ ಬೆರಳಿಟ್ಟ. ಈ ತಿರುವು ತನಗೆ ಗೊತ್ತು. ಆದರೆ ಸುತ್ತು ಬರಬೇಕಾದಲ್ಲಿ ಸುತ್ತು ಇಲ್ಲ, ತಲೆಕಟ್ಟು ಬರಬೇಕಾದಲ್ಲಿ ಇಲ್ಲ, ಅದೆಲ್ಲ ಕೆಳಗಿದೆ. ಕೆಳಗಿದೆ!

ಅವನು ಕೊಡವನ್ನು ಬೋರಲು ಮಾಡಿದ. ಬೆರಳು ಇನ್ನೊಂದು ತುದಿಯಿಂದ ಹೊರಟಿತು.

"ಬೀ..." ಎಂದ. "ರ... ವ್ವ. ಬೀರವ್ವ. ಆಮ್ಯಾಲೆ ಕುಂ... ಭಾ... ರಿ."

"ಬೀರವ್ವ ಅಂದ್ರ ನಮ್ಮವ್ವನಽ," ಎಂದ ಧೂಳಪ್ಪ. "ಕುಂಭಾರಿ ಆಕಿ ತವರು."

ಕಲ್ಲಣ್ಣ ಕಣ್ಣು ತೆರೆಯಲಿಲ್ಲ. ಬೆರಳೂ ನಿಲ್ಲಲಿಲ್ಲ. ಚುಕ್ಕಿಗಳ ವಾಲಿನಿಂದ ಬೆರಳಿಗೆ ತಿಳಿಯಿತು, ಪ್ರತಿ ಅಕ್ಷರವೂ ಮುಗಿಯಬೇಕಾದಲ್ಲಿಂದ ಶುರುವಾಗಿತ್ತು. ಓದು ಬಲ್ಲವನು ಹಾಗೆ ಹೊಡೆಯುವುದಿಲ್ಲ. "ಇದು ನಮ್ಮಪ್ಪನ ಕೈ," ಎಂದ. ಎಲ್ಲರಿಗೂ ಕೇಳುವಂತೆ, ಒಡೆದ ದನಿಯಲ್ಲಿ. "ನಾ ಕಣ್ಣಿಲೆ ಓದಲಿಲ್ರಿ. ಕಣ್ಣಿಗೆ ಅಕ್ಷರ ಹೋಗಿ ಎರಡು ತಿಂಗಳಾತು. ಬೆರಳಿಲೆ ಓದೀನಿ. ಸುಗಲಾಬಾಯಿ ಹಂಡೆ ತಪ್ಪು ನಂದಽ, ಯಾರ ಕಡಿಂದನೂ ಏನೂ ತಿಂದಿಲ್ಲ."

ಸಾವಕಾರರು ಕೆಮ್ಮಿದರು. "ಓದಿ ಹೇಳಬೇಕು ಅಂತ ಕಟ್ಟಳಿ ಅದ. ಕಣ್ಣಿಲೆ ಅಂತ ಇಲ್ಲ. ಹಣಮಂತಪ್ಪಾ, ಮನಿಗಿ ಹೋಗಿ ಹೋಳಿಗಿ ಉಣ್ಣು ಹೋಗಪಾ."

ಧೂಳಪ್ಪ ಮಾತ್ರ ಕೊಡವನ್ನೇ ನೋಡುತ್ತ ನಿಂತಿದ್ದ. "ಅಲ್ರಿ ಕಾಕಾ," ಎಂದ ಮೆಲ್ಲಗೆ. "ನಮ್ಮವ್ವ ಈ ಕೊಡ ಒಮ್ಮಿನೂ ನೆಟ್ಟಗ ಇಡತಿದ್ದಿಲ್ಲ. ನೀರು ಖಾಲಿ ಆದ ಕೂಡ್ಲೆ ಅಡ್ಡಣಗಿ ಮ್ಯಾಲೆ ಬೋರಲ ಹಾಕತಿದ್ಲು. ನಾವು ನೆಟ್ಟಗ ಇಟ್ರ ಬೈತಿದ್ಲು. ನೀರು ಬಸೀಲಿ ಅಂತ ತಿಳಿದಿದ್ವಿ. ಆಕಿಗೆ ಓದಾಕ ಬರತಿದ್ದಿಲ್ರಿ. ತನ್ನ ಹೆಸರು ಯಾವ ಕಡಿ ನೆಟ್ಟಗ ಅಂತ ಲಗ್ನದಾಗ ಯಾರೋ ಹೇಳಿರಬೇಕು."

ಅಪ್ಪನ ತಪ್ಪಿಗೆ ಇಡೀ ಹಂದರ ನಕ್ಕಿತ್ತು. ಒಬ್ಬಳು ಮಾತ್ರ ಅದನ್ನು ನಲವತ್ತು ವರ್ಷ ದಿನಾ ನೆಟ್ಟಗೆ ಇಟ್ಟಿದ್ದಳು.

"ಹೊಸಾದು ಕೊಡಲೇನು?" ಎಂದು ಸಾವಕಾರರು ಕೇಳಿದರು.

"ಬ್ಯಾಡ್ರಿ. ಮಗಳು ಇದನ್ನಽ ಒಯ್ಯಲಿ."

"ತಡಿ," ಎಂದ ಕಲ್ಲಣ್ಣ, "ಇನ್ನೊಂದು ಸಲ ಕೊಡು." ಕೊಡ ಇಸಿದುಕೊಂಡು ಇನ್ನೊಂದು ಸಲ ಬೆರಳಾಡಿಸಿದ. ಓದಲಿಕ್ಕಲ್ಲ, ಓದಿ ಆಗಿತ್ತು. ಆಮೇಲೆ ಅದನ್ನು ಧೂಳಪ್ಪನ ಕೈಗಿಟ್ಟ. ಧೂಳಪ್ಪ ಕೊಡವನ್ನು ಬಾಯಿ ಕೆಳಗೆ ಮಾಡಿ ಬಗಲಲ್ಲಿ ಹಿಡಿದುಕೊಂಡು ಗದ್ದಲದಲ್ಲಿ ದಾರಿ ಮಾಡಿಕೊಳ್ಳುತ್ತ ಹೋದ.